ಎರಡು ಅಂಕದ ರೊಟ್ಟಿ

ವಿಜ್ಞಾನ ಕಲಿಸುತ್ತಾ ಹನ್ನೊಂದು ವರ್ಷವಾಯಿತು. ಒಮ್ಮೆ ಹಾಕಿದ ಅಂಕವನ್ನು ನಾನು ತಿದ್ದಿದವಳಲ್ಲ. ಬಸವೇಶ್ವರಿ ಟೀಚರ್ ಅಂದರೆ ಹಾಗೇ ಎಂದು ಶಹಾಪುರದ ಆಚೆಗಿನ ನಮ್ಮ ಹೈಸ್ಕೂಲಿನಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿರಲಿ ಅಂತಲೇ ಆಗಾಗ ನಾನೂ ಹೇಳುತ್ತಿರುತ್ತೇನೆ.

ಒಂಬತ್ತನೇ ತರಗತಿಗೆ ಎರಡು ಅಂಕದ ಪ್ರಶ್ನೆ ಕೊಟ್ಟಿದ್ದೆ. ಹವಾಮಾನ ಬದಲಾವಣೆಯನ್ನು ತಗ್ಗಿಸುವುದಕ್ಕೂ ಅದಕ್ಕೆ ಹೊಂದಿಕೊಳ್ಳುವುದಕ್ಕೂ ಒಂದೊಂದು ಉದಾಹರಣೆ ಬರೆಯಬೇಕು. ಸುನೀಲಕುಮಾರ ಪುಸ್ತಕದಲ್ಲಿದ್ದ ಹಾಗೇ ಗಾಳಿಯಂತ್ರ, ಸಮುದ್ರದಂಡೆಯ ತಡೆಗೋಡೆ ಎಂದು ಬರೆದ. ಸಮುದ್ರವನ್ನು ಅವನೂ ನೋಡಿಲ್ಲ, ನಾನೂ ನೋಡಿಲ್ಲ. ಎರಡಕ್ಕೆ ಎರಡು ಹಾಕಿದೆ. ದುರ್ಗಾದೇವಿ ಬರೆದದ್ದು ಹೀಗೆ: ‘ಬಿಸಿಲು ಹೆಚ್ಚಾಗಿದ್ದಕ್ಕೆ ಅವ್ವ ನಸುಕಿನಲ್ಲೇ ಎದ್ದು ರೊಟ್ಟಿ ಬಡಿಯುತ್ತಾಳೆ. ಇದು ಹೊಂದಿಕೊಳ್ಳುವುದು. ಅಪ್ಪ ಎರಡು ರೊಟ್ಟಿ ಕಮ್ಮಿ ತಿಂದರೆ ಒಲೆ ಅಷ್ಟು ಕಮ್ಮಿ ಉರಿಯುತ್ತದೆ. ಇದು ತಗ್ಗಿಸುವುದು.’

ಪರೀಕ್ಷೆಯಲ್ಲಿ ಚೇಷ್ಟೆಯೇ ಎಂದು ನನಗೆ ಮೈಯೆಲ್ಲ ಉರಿಯಿತು. ಸೊನ್ನೆ ಸುತ್ತಿದೆ. ಒಟ್ಟು ಮೂವತ್ಮೂರು ಬಂತು, ಪಾಸಾಗಲು ಎರಡು ಕಮ್ಮಿ. ಹುಡುಗಿ ಅಳಲಿಲ್ಲ, ತಾನು ಬರೆದದ್ದೇ ಸರಿ ಎಂದು ಮೇಜಿನ ಮುಂದೆ ನಿಂತುಬಿಟ್ಟಳು. ಅಪ್ಪನನ್ನು ಕರೆದುಕೊಂಡು ಬಾ ಎಂದೆ.

ಮರುದಿನ ಅವಳ ಅಪ್ಪ ಅಮಾತೆಪ್ಪ ಹೆಗಲ ಮೇಲಿನ ಟವೆಲ್ಲನ್ನು ಕೈಯಲ್ಲಿ ಹಿಡಿದುಕೊಂಡು ಮಗಳ ಜೊತೆ ಸ್ಟಾಫ್ ರೂಮಿಗೆ ಬಂದ. ಉತ್ತರ ಓದಿ ಹೇಳಿದೆ. ಮಗಳನ್ನು ಬೈಯುತ್ತಾನೆ ಅಂದುಕೊಂಡರೆ ಅವನು ಯೋಚನೆಗೆ ಬಿದ್ದ. ಹೊತ್ತಿಗೆ ಎಂಟು ರೊಟ್ಟಿ ತಿನ್ನುವುದು ಖರೆ ಎಂದು ಒಪ್ಪಿಕೊಂಡ. ಎರಡು ಬಿಡುವುದು ಕಷ್ಟ, ಒಂದು ಬಿಟ್ಟರೆ ಒಂದು ಅಂಕವಾದರೂ ಬರುತ್ತದೆಯೇ ಎಂದು ಕೇಳಿದ. ಪಕ್ಕದ ಮೇಜಿನ ಕನ್ನಡ ಮಾಸ್ತರು ಯಾಕೂಬಸಾಬರು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ಇದೇನು ಬದನೆಕಾಯಿ ಚೌಕಾಶಿಯಲ್ಲ ಎಂದು ನಾನು ಗದರಿದೆ.

“ಹಂಗಾರ ನಾಳಿಂದ ರೊಟ್ಟಿ ನಾನ ಬಡೀತೀನ್ರಿ ಟೀಚರ. ಆಕಿನ್ನ ಪಾಸ್ ಮಾಡ್ರಿ,” ಎಂದ ಅಮಾತೆಪ್ಪ.

ದುರ್ಗಾದೇವಿಗೆ ಸಿಟ್ಟು ಬಂತು. “ಅದು ತಗ್ಗಿಸೋದಲ್ಲಪ್ಪ. ನೀ ಬಡಿದ್ರೂ ಒಲಿ ಅಷ್ಟ ಉರೀತದ. ಅದೂ ಹೊಂದ್ಕೊಳ್ಳೋದ.”

ನಾನು ಅವಳ ಉತ್ತರಪತ್ರಿಕೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡೆ. ಒಂದು ವಾರ ಚಾರ್ಟು ಹಿಡಿದು ಒದರಿದ್ದೆ. ಇಷ್ಟು ಸ್ವಚ್ಛವಾಗಿ ಒಂದು ದಿನವೂ ಹೇಳಿರಲಿಲ್ಲ. ಪಾಸಾಗುವುದಕ್ಕಾಗಿಯೂ ತಪ್ಪು ಉತ್ತರವನ್ನು ಒಪ್ಪದ ಹುಡುಗಿಗೆ ನಾನು ಸೊನ್ನೆ ಹಾಕಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಕೆಂಪು ಪೆನ್ನು ತೆಗೆದು ಸೊನ್ನೆ ಹೊಡೆದುಹಾಕಿ, ಎರಡು ಎಂದು ಬರೆದು ಪಕ್ಕದಲ್ಲಿ ಸಹಿ ಮಾಡಿದೆ. ಯಾಕೂಬಸಾಬರು ಎದ್ದು ಬಂದು ಅದನ್ನು ಕಣ್ಣಾರೆ ನೋಡಿಕೊಂಡು ಹೋದರು.

ಅಮಾತೆಪ್ಪ ಬಾಗಿಲತನಕ ಹೋದವನು ತಿರುಗಿ ನಿಂತ. ಈಗ ತಾನು ರೊಟ್ಟಿ ಕಮ್ಮಿ ತಿನ್ನಬೇಕೋ, ರೊಟ್ಟಿ ಬಡಿಯಬೇಕೋ ಎಂದು ನನ್ನನ್ನು ಕೇಳಿದ. ಉತ್ತರ ಕೊಟ್ಟವಳು ಅವನ ಮಗಳು.

“ಎರಡೂ ಮಾಡಬೇಕಪ್ಪ. ಒಂದ ಮಾಡಿದ್ರ ಒಂದ ಮಾರ್ಕು.”