ಇಲ್ಲೇ ಅಂದವರ ಬಸ್ಸು

"ನಿಮ್ಮೂರಿಂದ ಬೆಳಗಿನ ಬಸ್ಸಿಗೆ ಹಾಸನಕ್ಕೆ ಬರೋರು ಮೂರೇ ಜನ ಅಂತ ಬರೆದಿದೆಯಲ್ಲಮ್ಮ," ಎಂದರು ಹಾಸನ ಬಸ್ ಡಿಪೋದ ಅಧಿಕಾರಿ ಸಂಪತ್ಕುಮಾರ್, ಫೈಲಿನಿಂದ ಕಣ್ಣೆತ್ತದೆ.

ಪುಟ್ಟತಾಯಮ್ಮನಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ದುದ್ದದಿಂದ ಮೂರು ಮೈಲಿ ಒಳಗಿರುವ ಅವಳ ಊರಿನಿಂದ ಏಳು ಗಂಟೆ ಬಸ್ಸು ಹೊರಟರೆ ಬಾಗಿಲಲ್ಲಿ ನೇತಾಡುವವರೇ ಎಂಟು ಜನ. ಹದಿನೈದು ದಿನದಿಂದ ಆ ಬಸ್ಸು ಬಂದಿರಲಿಲ್ಲ. ಮೊಮ್ಮಗಳು ಧನ್ಯಾ ಎರಡನೇ ಪಿಯುಸಿ. ದುದ್ದದವರೆಗೆ ನಡೆದು, ಅಲ್ಲಿ ಬಸ್ಸು ಹಿಡಿದು ಅವಳು ಕಾಲೇಜು ಮುಟ್ಟುವಷ್ಟರಲ್ಲಿ ಎರಡು ಪಾಠ ಮುಗಿದಿರುತ್ತಿತ್ತು. "ಸಾಕ್ಬುಡವ್ವ, ಮನೇಲಿರ್ಲಿ. ಭಾನುವಾರ ಗಂಡಿನ ಕಡೆಯೋರ್ಗೆ ಬರಾಕೇಳಿವ್ನಿ," ಎಂದುಬಿಟ್ಟಿದ್ದ ಮಗ ಕಾಂತರಾಜು. ಅವಳು ಈ ಕಚೇರಿಗೆ ಬಂದದ್ದು ಗುರುವಾರ.

"ಯಾವ ಪುಣ್ಯಾತ್ಮ ಎಣಿಸ್ದ ಸಾ?"

"ಸರ್ವೆ ಆಗಿದೆ. ನಮ್ಮ ಗುಂಡಯ್ಯ ಬಂದು ಒಬ್ಬೊಬ್ಬರನ್ನೂ ಕೇಳಿ ಬರಕೊಂಡಿದಾರೆ. ಓದ್ರಿ ಗುಂಡಯ್ಯ."

ಬೀರುವಿನ ಪಕ್ಕ ನಿಂತಿದ್ದ ಗುಮಾಸ್ತ ಗುಂಡಯ್ಯ ಕನ್ನಡಕ ಸರಿಮಾಡಿಕೊಂಡ. "ಚಲುವಯ್ಯ. ಎಲ್ಲಿಗೆ ಪ್ರಯಾಣ? ಎಲ್ಲೂ ಇಲ್ಲ. ದ್ಯಾವಯ್ಯ. ಇಂಗೇ ಸುಮ್ನೆ. ರೇವಮ್ಮ. ಇಲ್ಲೇ ಓಗ್ಬುಟ್ ಬತ್ತೀನಿ. ಪುಟ್ಟತಾಯಮ್ಮ. ಇಲ್ಲೇ."

ಪುಟ್ಟತಾಯಮ್ಮನಿಗೆ ಆಗ ನೆನಪಾಯಿತು. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಇದೇ ಆಸಾಮಿ ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು, ಹೊರಟು ನಿಂತವರನ್ನೆಲ್ಲ ಎಲ್ಲಿಗೆ, ಎಲ್ಲಿಗೆ ಎಂದು ಕೇಳಿದ್ದ. ಹೊರಟವರನ್ನು ಹಾಗೆ ಕೇಳುವುದುಂಟೆ? ಹೋದ ಕೆಲಸ ಕೆಡುತ್ತದೆ. ಕೇಳಿಸಿಕೊಂಡವರು ಮನೆಗೆ ತಿರುಗಿ ಬಂದು, ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಬಸ್ಸು ಬರುವ ಹೊತ್ತಿನಲ್ಲಿ ಅದಕ್ಕೆಲ್ಲ ಪುರುಸೊತ್ತೆಲ್ಲಿ? ಊರಿಗೆ ಊರೇ ಬಾಯಿಗೆ ಬಂದದ್ದು ಹೇಳಿ ಅವನನ್ನು ಸಾಗಹಾಕಿತ್ತು.

"ಆ ಮೂರು ಜನ ಯಾರಪ್ಪ ಅಂಗಾದ್ರೆ?"

"ಇಬ್ರು ಸೇಲಂ ಕಡೆಯೋರು, ಸ್ಟೀಲ್ ಪಾತ್ರೆ ಮಾರೋರು. ಇನ್ನೊಬ್ಬ ಬೋರಪ್ಪ."

"ಬೋರಪ್ಪ ಬೆಳಿಗ್ಗೆನೇ ಹಾಕಂಡಿದ್ನೇನೋ ಕಣಪ್ಪ, ಅದ್ಕೇ ನಿಜ ಏಳವ್ನೆ. ನಮ್ ಬಸ್ಸು ಈಗ ಎಲ್ಲಿಗೋಯ್ತದೆ ಸಾ?"

ಸಂಪತ್ಕುಮಾರ್ ಗೋಡೆಯ ನಕ್ಷೆ ತೋರಿಸಿದರು. ಹಾಸನದ ಸುತ್ತ ಕೆಂಪು ಗೆರೆ, ಅದರಾಚೆ ಹಳದಿ ಚೌಕಗಳು. "ಹೊಸ ಬಡಾವಣೆಗೆ. ಸಾವಿರದಿನ್ನೂರು ಸೈಟು. ಊರು ಬೆಳೀತಿದೆಯಮ್ಮ, ಇಪ್ಪತ್ತು ವರ್ಷ ಮುಂದಿಂದು ನೋಡ್ಬೇಕು."

"ನೋಡ್ಕಂಡೇ ಬಂದೆ. ಬರೀ ಕಲ್ಲು ನೆಟ್ಟವ್ರೆ. ಎಲ್ಡು ಎಮ್ಮೆ ಮೇಯ್ತಿದ್ವು. ಅವು ಎಲ್ಲಿಗೋಯ್ತೀವಿ ಅಂದ್ವು ನಿಮ್ ಗುಂಡಯ್ಯನ್ಗೆ?"

ಪಕ್ಕದ ಟೇಬಲ್ಲಿನಲ್ಲಿ ಯಾರೋ ಕಿಸಕ್ಕೆಂದರು. ಸಂಪತ್ಕುಮಾರ್ ಮುಖ ಬಿಗಿಯಾಯಿತು. "ಮುಂದಿನ ಸರ್ವೆ ಆರು ತಿಂಗಳಿಗೆ. ಆಗ ಸರಿಯಾಗಿ ಹೇಳಿ."

"ಆರು ತಿಂಗ್ಳಿಗೆ ನನ್ ಮೊಮ್ಮಗಳು ಯಾರ್ದೋ ಮನೇಲಿ ಮುಸುರೆ ತಿಕ್ತಿರ್ತಾಳೆ. ನೀವ್ ಯಾವೂರೋರು ಸಾ?"

"ಹೊಳೆನರಸೀಪುರ."

"ಒಂಟೋರ್ನ ಎಲ್ಲಿಗೆ ಅಂತ ಕೇಳ್ಬಾರ್ದು ಅಂತ ನಿಮ್ಮವ್ವಾರು ಏಳ್ಕೊಡ್ನಿಲ್ವಾ?"

"ನಮ್ಮಮ್ಮ ಎಲ್ಲಾ ಹೇಳಿದಾರೆ. ಸರ್ಕಾರದ ಫಾರಮ್ಮಿಗೆ ಶಕುನ ಗೊತ್ತಾಗಲ್ಲಮ್ಮ." ಅವರು ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು. ಹೊರಗೆ ಜೀಪು ಗುರುಗುಡುತ್ತಿತ್ತು.

ಪುಟ್ಟತಾಯಮ್ಮ ಇಷ್ಟು ಹೊತ್ತೂ ನಿಂತೇ ಇದ್ದಳು. ಗೊತ್ತಿಲ್ಲದೆ ಮಾಡಿದ್ದರೆ ಬೇರೆ ಮಾತು, ಇವರಿಗೆ ಗೊತ್ತಿದೆ. ಅವರು ಹೊಸ್ತಿಲಿಗೆ ಕಾಲಿಡುವವರೆಗೂ ಕಾದು, ಕಚೇರಿಗೆಲ್ಲ ಕೇಳುವ ಹಾಗೆ ಕೇಳಿದಳು.

"ಎಲ್ಲಿಗೆ ಒಂಟ್ರಿ ಸಾ?"

"ಇಲ್ಲೇ..." ಎಂದುಬಿಟ್ಟರು ಸಂಪತ್ಕುಮಾರ್.

ಯಾರೂ ನಗಲಿಲ್ಲ. ಗುಂಡಯ್ಯ ಕೈಯಲ್ಲಿದ್ದ ಕಾಗದವನ್ನೇ ನೋಡುತ್ತ ನಿಂತ. ಸಂಪತ್ಕುಮಾರ್ ಹೊಸ್ತಿಲ ಮೇಲೆ ಅರೆಗಳಿಗೆ ತಡೆದರು. ಆಮೇಲೆ ಒಳಗೆ ಬಂದು, ಚೀಲ ಇಳಿಸಿ, ಕುರ್ಚಿಯಲ್ಲಿ ಕೂತು, ಲೋಟದ ಮುಚ್ಚಳ ತೆಗೆದು ನೀರು ಕುಡಿದರು. ಪುಟ್ಟತಾಯಮ್ಮ ಯಾರೂ ಹೇಳದಿದ್ದರೂ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಮುಚ್ಚಿದ್ದ ಫೈಲನ್ನು ಬಿಚ್ಚಿ ಅವರ ಕಡೆಗೆ ತಿರುಗಿಸಿಟ್ಟಳು.