ಬೋಗುಣಿ ನೀರಿನ ಈಜು

ಸೊಸೆಗೆ ಮನೆಯಲ್ಲಿ ಆರಂಭಶೂರೆ ಅಂತಲೇ ಹೆಸರು. ಹೆಸರಿಟ್ಟವನು ಗಂಡ. ಶಾಲೆಯ ಬಸ್ಸು ಓಡಿಸುವವನು, ಒಳ್ಳೆಯವನು, ಆದರೆ ನಾಲಿಗೆಗೆ ಸದಾ ತಮಾಷೆಯ ತುರಿಕೆ. ಅವಳು ಹೊಲಿಗೆ ಕಲಿಯುತ್ತೇನೆ ಎಂದರೆ, "ಮೊದಲು ನನ್ನ ಅಂಗಿಗೆ ಗುಂಡಿ ಹಾಕು, ಆಮೇಲೆ ಅಂಗಡಿ ಇಡುವಂತೆ" ಎಂದ. ಸೈಕಲ್ ಕಲಿಯುತ್ತೇನೆ ಎಂದರೆ, ಕಿಟಕಿಯಿಂದ ಬಗ್ಗಿ ಬೀದಿಯವರಿಗೆಲ್ಲ, "ಮಕ್ಕಳನ್ನ ಒಳಗೆ ಕರ್ಕೊಳ್ರಪ್ಪಾ!" ಎಂದು ಕೂಗಿದ. ಎಲ್ಲರೂ ನಕ್ಕರು, ಅವಳೂ ನಕ್ಕಳು, ಆಸೆ ಆ ನಗುವಿನಲ್ಲೇ ಕರಗಿಹೋಯಿತು. ತಪ್ಪು ಅವನೊಬ್ಬನದೇ ಅಲ್ಲ ಬಿಡಿ. ಇವಳೂ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವಳೇ. ಏನಾದರೂ ಅಂದುಕೊಂಡ ದಿನವೇ ಹತ್ತು ಜನಕ್ಕೆ ಹೇಳಿ, ಅವರಿಂದ ಭೇಷ್ ಅನ್ನಿಸಿಕೊಂಡು, ಮಾಡಿ ಮುಗಿಸಿದವಳ ಹಾಗೆ ನೆಮ್ಮದಿಯಾಗಿ ಮಲಗುತ್ತಿದ್ದಳು.

ಐವತ್ತೊಂದನೆಯ ವಯಸ್ಸಿಗೆ ಅವಳಿಗೆ ಈಜು ಕಲಿಯುವ ಆಸೆ ಹುಟ್ಟಿತು. ಇಪ್ಪತ್ತು ವರ್ಷದಿಂದ ಆಸ್ಪತ್ರೆಯಲ್ಲಿ ಒಗೆದ ಚಾದರಗಳನ್ನು ಒಣಗಿಸಿ ಮಡಚುವ ಕೆಲಸ ಅವಳದು. ಬಿಸಿ ಯಂತ್ರದ ಪಕ್ಕ ನಿಂತು ಬೆವರುವವಳಿಗೆ ತಣ್ಣೀರಿನ ಮೇಲೆ ಅಂಗಾತ ತೇಲಬೇಕು ಅನ್ನಿಸಿದರೆ ಅದರಲ್ಲಿ ಸೋಜಿಗವೇನು? ಮನೆಯಿಂದ ಎರಡು ಬೀದಿ ಆಚೆ ಈಜುಕೊಳವಿತ್ತು. ಸಂಜೆ ಐದರಿಂದ ಆರರವರೆಗೆ ಹೆಂಗಸರಿಗೆ. ಎರಡು ತಿಂಗಳ ತರಗತಿಗೆ ಹೆಸರು ಬರೆಸಿ ಬಂದಳು. ಈ ಸಲ ಯಾರ ಹತ್ತಿರವೂ ಬಾಯಿ ಬಿಡಬಾರದು, ಇದೂ ಅರ್ಧಕ್ಕೆ ನಿಂತರೆ ಈ ಜನ್ಮದಲ್ಲಿ ಇನ್ನೊಂದನ್ನು ಶುರು ಮಾಡಬಾರದು ಎಂದು ತನಗೆ ತಾನೇ ಆಣೆ ಹಾಕಿಕೊಂಡಳು. ಮನೆಯಲ್ಲಿ ಕೇಳಿದರೆ, ಸಂಜೆ ಕೆಲಸ ಜಾಸ್ತಿ ಎನ್ನುವುದು.

ಆದರೆ ಮುಖವನ್ನು ನೀರಿಗೆ ಇಡುವುದೆಂದರೇ ಅವಳಿಗೆ ಜೀವ ಹೋದಷ್ಟು ಭಯ. ಅದಕ್ಕೆ ಮನೆಯಲ್ಲೇ ಒಂದು ನೇಮ ಮಾಡಿಕೊಂಡಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಬಚ್ಚಲುಮನೆಯಲ್ಲಿ ಬೋಗುಣಿಯ ತುಂಬ ನೀರು ಹಿಡಿದು, ಮಂಡಿಯೂರಿ, ಕೂದಲು ಎತ್ತಿ ಕಟ್ಟಿ, ಉಸಿರು ಹಿಡಿದು ಮುಖ ಮುಳುಗಿಸುವುದು. ಮುಳುಗಿಸಿ ಎಣಿಸುವುದು. ಮೊದಲ ದಿನ ನಾಲ್ಕಕ್ಕೇ ತಲೆ ಎತ್ತಿದಳು. ಮರುದಿನ ಐದು. ಗಂಡ, ಅತ್ತೆ, ಆಸ್ಪತ್ರೆ ಎಂದು ಹಂಚಿಹೋಗಿದ್ದ ದಿನದಲ್ಲಿ ಆ ಎಣಿಕೆಯಷ್ಟು ಹೊತ್ತು ಮಾತ್ರ ಅವಳಿಗೆ ಸೇರಿದ್ದು. ಅದು ಅವಳಿಗೆ ಬಹಳ ಇಷ್ಟವಾಗಿತ್ತು.

ಹದಿನೆಂಟನೆಯ ದಿನ ಇಪ್ಪತ್ತೊಂದರವರೆಗೆ ಎಣಿಸಬೇಕಿತ್ತು. ಹದಿನಾರು ಎನ್ನುವಷ್ಟರಲ್ಲಿ ಸರಿಯಾಗಿ ಚಿಲಕ ಬೀಳದ ಬಾಗಿಲು ತೆರೆಯಿತು.

"ಅಯ್ಯೋ, ಕೆಟ್ಟೆನಲ್ಲಪ್ಪಾ! ಏನ್ ಮಾಡ್ಕೊಂಡ್‌ಬಿಟ್ಟೆಯೇ!"

ಅತ್ತೆ! ಇಡೀ ಕಟ್ಟಡ ಅವರನ್ನು ಕರೆಯುವುದು ಮೈಕಮ್ಮ ಎಂದು. ಎರಡು ವರ್ಷದ ಹಿಂದೆ ಬಿದ್ದು ಸೊಂಟದ ಮೂಳೆ ಮುರಿದಾಗಿನಿಂದ ಮೂರನೆಯ ಮಹಡಿಯ ಈ ಮನೆ ಬಿಟ್ಟು ಇಳಿದವರಲ್ಲ. ಮಗ ಮೆಟ್ಟಿಲ ಹತ್ತಿರ ಸುಳಿಯಲೂ ಬಿಡುತ್ತಿರಲಿಲ್ಲ. ಆದರೆ ಬಾಲ್ಕನಿಯಲ್ಲಿ ಕೂತೇ ಮೂರು ಬೀದಿಯ ಸುದ್ದಿ ಸಾಗಿಸುತ್ತಿದ್ದರು. ಅವರ ಹೊಟ್ಟೆಯಲ್ಲಿ ಒಂದು ಮಾತು ಅರಗಿದ್ದನ್ನು ಕಂಡವರಿಲ್ಲ.

ಮೂಗು ಕಟ್ಟಿತ್ತು ಅನ್ನಬಹುದಿತ್ತು. ಸುಳ್ಳು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಕೋಲು ಬಿಸಾಕಿ ಬಾಗಿದ ಅತ್ತೆಯ ಕೈ ಅವಳ ಒದ್ದೆ ಕೆನ್ನೆ, ಕುತ್ತಿಗೆ, ಎದೆ ತಡವುತ್ತ ಜೀವ ಇದೆಯೇ ಎಂದು ಹುಡುಕುತ್ತಿತ್ತು. ಆ ಕೈಗೆ ಸುಳ್ಳು ಹೇಳಲು ಅವಳಿಂದ ಆಗಲಿಲ್ಲ. ಎಲ್ಲ ಹೇಳಿಬಿಟ್ಟಳು.

ಅತ್ತೆ ಗೋಡೆ ಹಿಡಿದು ನೆಟ್ಟಗಾದರು. "ಈಜಾ? ಈ ವಯಸ್ಸಲ್ಲಿ?"

"ಹೂಂ."

"ಅವನಿಗೆ ಗೊತ್ತಾ?"

"ಇಲ್ಲ. ಅವರು ನಗ್ತಾರೆ. ಅವರು ನಕ್ರೆ ನಂಗೆ ಮುಗೀತು ಅತ್ತೆ."

"ಅಲ್ವೇ, ಹೋಗಿ ಹೋಗಿ ನನ್ನ ಕೈಗೆ ಸಿಕ್ಕೊಂಡ್ಯಲ್ಲೇ! ನನ್ನ ಬಾಯಿ ಎಂಥದ್ದು ಅಂತ ನಿಂಗೆ ಗೊತ್ತಿಲ್ವಾ?" ಎಂದರು ಅತ್ತೆ, ನಿಜವಾದ ಸಂಕಟದಲ್ಲಿ. ಆಮೇಲೆ ಟವೆಲ್ ಎಳೆದು ಅವಳ ಮುಖ ಒರೆಸಿದರು. "ಹೋಗಲಿ, ನೋಡೋಣ. ಸಾಯೋ ಮುಂಚೆ ಒಂದಾದ್ರೂ ಗುಟ್ಟು ಇಟ್ಕೊಂಡು ನೋಡ್ತೀನಿ."

ಅವತ್ತಿನಿಂದ ಅತ್ತೆ ಪಟ್ಟ ಪಾಡು ಯಾರಿಗೂ ಬೇಡ. ಮಾತು ತುಟಿಗೆ ಬಂದಾಗಲೆಲ್ಲ ಒಂದು ಲವಂಗ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬೆಳಿಗ್ಗೆ ಸೊಸೆ ಬಚ್ಚಲಿನಿಂದ ಬಂದ ಕೂಡಲೇ ಎಷ್ಟು ಎಂದು ಹುಬ್ಬಿನಲ್ಲೇ ಕೇಳುವುದು, ಅವಳು ಬೆರಳಿನಲ್ಲಿ ತೋರಿಸುವುದು, ಇಬ್ಬರೂ ಏನೂ ಆಗದವರ ಹಾಗೆ ಕಾಫಿಗೆ ಕೂರುವುದು. ಗಂಡನಿಗೆ ಗಾಬರಿಯಾಯಿತು. "ಅಮ್ಮ ಮಾತು ಕಮ್ಮಿ ಮಾಡಿದ್ದಾಳೆ ಕಣೇ, ಡಾಕ್ಟರಿಗೆ ತೋರಿಸೋಣ್ವಾ?" ಎಂದ. ಸೊಸೆ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಅತ್ತೆಯ ಜೊತೆ ಇಷ್ಟು ಸಲಿಗೆ ಅವಳಿಗೆ ಇಪ್ಪತ್ತೇಳು ವರ್ಷದಲ್ಲಿ ಇರಲಿಲ್ಲ.

ತರಗತಿಯ ಕೊನೆಯ ದಿನ ಬಂತು. ಕೊಳವನ್ನು ಅಡ್ಡಲಾಗಿ ಒಂದು ಸಲ ದಾಟಬೇಕು, ಅಷ್ಟೇ. ಉಳಿದವರೆಲ್ಲ ದಾಟಿದರು. ಸೊಸೆ ಎದೆಮಟ್ಟದ ನೀರಿನಲ್ಲಿ, ದಂಡೆಯ ಕಂಬಿ ಹಿಡಿದು ನಿಂತೇ ಇದ್ದಳು. ಐವತ್ತು ಎಣಿಸುವಷ್ಟು ಉಸಿರು ಈಗ ಅವಳಲ್ಲಿತ್ತು. ಕಾಲು ಬಡಿಯಲು ಬರುತ್ತಿತ್ತು, ತೇಲಲು ಬರುತ್ತಿತ್ತು. ಆದರೆ ಕೈ ಮಾತ್ರ ಕಂಬಿ ಬಿಡಲೊಲ್ಲದು.

"ಅಕ್ಕಾ, ಇವತ್ತು ಬಿಡಲೇಬೇಕು," ಎಂದಳು ಕಲಿಸುವ ಹುಡುಗಿ. "ಇನ್ನು ಹತ್ತೇ ನಿಮಿಷ ಇರೋದು."

ಬಿಡುತ್ತೇನೆ ಎಂದಳು. ಬಿಡಲಿಲ್ಲ. ಮತ್ತೆ ಬಿಡುತ್ತೇನೆ ಎಂದಳು. ಗಂಡ ಇಟ್ಟ ಹೆಸರು ಸುಳ್ಳೇನಲ್ಲ, ಸುಮ್ಮನೆ ಎದ್ದು ಹೋಗಿ ಬಟ್ಟೆ ಬದಲಾಯಿಸುವುದೇ ಸರಿ ಅನ್ನಿಸಿತು. ಮೇಲೆ ಹತ್ತಲು ಕಾಲೂ ಎತ್ತಿದಳು.

ಅಷ್ಟರಲ್ಲಿ ಆಚೆ ದಂಡೆಯ ಬಾಗಿಲ ಹತ್ತಿರ ಜಗಳ ಕೇಳಿಸಿತು. "ಚಪ್ಪಲಿ ಬೇಕಾದ್ರೆ ನೀನೇ ಇಟ್ಕೊಳಮ್ಮಾ, ನನ್ನ ಒಳಗೆ ಬಿಡು! ನನ್ನ ಸೊಸೆ ಇದಾಳೆ ಅಲ್ಲಿ!"

ಸೊಸೆ ಎತ್ತಿದ ಕಾಲು ಕೆಳಗಿಟ್ಟು ತಿರುಗಿದಳು. ಬರಿಗಾಲಿನಲ್ಲಿ, ಕೋಲೂರಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಅತ್ತೆ ದಂಡೆಗೆ ಬರುತ್ತಿದ್ದರು. ಮುಖವೆಲ್ಲ ಬೆವರು. ಬಂದವರೇ ಅಂಚಿನಲ್ಲಿ ಕುಸಿದು ಕೂತು ಎರಡೂ ಕಾಲನ್ನು ನೀರಿಗೆ ಇಳಿಬಿಟ್ಟರು. ಆಮೇಲೆ ಶುರುವಾಯಿತು ನೋಡಿ, ಒಂದೂವರೆ ತಿಂಗಳಿಂದ ಅದುಮಿಟ್ಟ ಮೈಕು.

"ಏನೇ ಹಾಗೆ ನೋಡ್ತಿದ್ದೀಯಾ? ನಲವತ್ತೆರಡು ಮೆಟ್ಟಿಲು ಇಳಿದು ನಾನು ಬಂದಿರೋದು ನೀನು ಕಂಬಿ ಹಿಡಿಯೋದು ನೋಡೋಕಲ್ಲ! ಬಿಡೇ ಅದನ್ನ!"

ಅವಳು ಬಿಟ್ಟಳು.

ಅಂದವೇನೂ ಇರಲಿಲ್ಲ. ನೀರು ಕುಡಿದಳು, ಓರೆಗೆ ಹೋದಳು, ಕಾಲು ಯದ್ವಾತದ್ವಾ ಬಡಿದಳು. ನಡುನೀರಿನಲ್ಲಿ ಒಮ್ಮೆ ಎಲ್ಲ ಮುಗಿಯಿತು ಅನ್ನಿಸಿತು. ಆದರೂ ಬಂದು ತಲುಪಿದಳು. ಕೈಗೆ ಮೊದಲು ಸಿಕ್ಕಿದ್ದು ಅಂಚಿನ ಕಲ್ಲಲ್ಲ, ಅತ್ತೆಯ ಪಾದ.

"ಅತ್ತೆ, ಹೇಗೆ ಇಳಿದ್ರಿ?" ಏದುಸಿರಿನಲ್ಲೇ ಕೇಳಿದಳು.

"ಮಧ್ಯಾಹ್ನ ನೀವಿಬ್ರೂ ಇರಲ್ವಲ್ಲ. ನೀನು ಬೋಗುಣಿ ವಿಷಯ ಹೇಳಿದ್ಯಲ್ಲ, ಅವತ್ತಿಂದ ದಿನಾ ಒಂದೊಂದು ಮೆಟ್ಟಿಲು ಜಾಸ್ತಿ ಇಳಿಯೋದು, ಹತ್ತೋದು. ಹೇಳಿದ್ರೆ ನನ್ನ ಮಗ ಪ್ರೀತಿಯಿಂದಲೇ ಬಾಗಿಲಿಗೆ ಬೀಗ ಹಾಕ್ತಿದ್ದ."

"ನಂಗಾದ್ರೂ ಹೇಳಬಾರದಿತ್ತಾ?"

"ನಿಂಗೆ ಹೇಳೋದಾ?" ಅತ್ತೆ ಬಾಗಿ ಅವಳ ಒದ್ದೆ ಕೂದಲನ್ನು ಹಣೆಯಿಂದ ಹಿಂದೆ ಸರಿಸಿದರು. "ನಿಂಗೆ ನಿನ್ನ ಹೆದರಿಕೆನೇ ಬೇಕಾದಷ್ಟಿತ್ತು. ನಂದೂ ಯಾಕೆ ಹೊರಿಸಲಿ?"

ಸೊಸೆ ನೀರಿನಲ್ಲಿ ನಿಂತು ಆ ಊದಿದ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು.

"ಅಳು, ಅಳು," ಎಂದರು ಮೈಕಮ್ಮ, ದನಿ ತಗ್ಗಿಸಿ. "ಇಷ್ಟೊಂದು ನೀರಲ್ಲಿ ಯಾರಿಗೆ ಗೊತ್ತಾಗುತ್ತೆ."