ಹುಳು ಕೊರೆದ ಬೀರು

ಎರಡು ತಿಂಗಳಿಂದ ನಾನು ನನ್ನ ಗಂಡನ ಉಗುರುಗಳನ್ನು ಗಮನಿಸುತ್ತಿದ್ದೆ. ನಕ್ಷೆ ಬರೆಯುವ ಕಚೇರಿಯಲ್ಲಿ ಕೂತು ಕೆಲಸ ಮಾಡುವವರ ಉಗುರಿನ ಸಂದಿಯಲ್ಲಿ ಕಂದು ಬಣ್ಣ ಸೇರಿಕೊಳ್ಳಲು ಕಾರಣವಿರಲಿಲ್ಲ. ಅಂಗಿಗೆ ವಿನೆಗರ್ ವಾಸನೆ ಬೇರೆ. ಕೇಳಿದರೆ, "ಕ್ಯಾಂಟೀನಲ್ಲಿ ಏನೋ ಚೆಲ್ಲಿತು" ಅಂದರು. ಹಾಗೆ ಚೆಲ್ಲುವುದು ವಾರಕ್ಕೆ ಮೂರು ಸಲ. ಕೇಳುವುದನ್ನು ಬಿಟ್ಟೆ, ನೋಡುವುದನ್ನು ಬಿಡಲಿಲ್ಲ. ಇವರು ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅದೇ ಮೊದಲು. ಅಥವಾ ನನಗೆ ಗೊತ್ತಾದದ್ದು ಅದೇ ಮೊದಲು.

ಅಂಥದ್ದರಲ್ಲಿ ಒಂದು ಭಾನುವಾರ, ಊಟದ ಕೋಣೆಗೆ ತಟ್ಟೆ ಪಾತ್ರೆ ಇಡುವ ಗಿಡ್ಡ ಬೀರು ತರೋಣ ಎಂದು ಅವರೇ ಮಾತೆತ್ತಿದರು. ಕಿಟಕಿ ಕಟ್ಟೆಯ ಮೇಲೆ ತಟ್ಟೆ ಪೇರಿಸುತ್ತ ನಾನು ವರ್ಷಗಳಿಂದ ಗೊಣಗಿದ್ದು ಆವತ್ತೇ ಯಾಕೆ ಕಿವಿಗೆ ಬಿತ್ತು?

ಜೊತೆಗೆ ನನ್ನ ತಂಗಿಯೂ ಹೊರಟಳು. ಮುಖ್ಯ ರಸ್ತೆಯ ಶೋರೂಮಿನಲ್ಲಿ ಬೂದು ಬಣ್ಣದ, ಹಿಡಿಯೇ ಇಲ್ಲದ, ಒತ್ತಿದರೆ ತೆರೆದುಕೊಳ್ಳುವ ಹೊಸ ನಮೂನೆಯ ಬೀರು ಅವಳಿಗೆ ಹಿಡಿಸಿಬಿಟ್ಟಿತು.

"ಹಿಂದಿನ ಬೀದೀಲಿ ಹಳೇ ಪೀಠೋಪಕರಣದ ಅಂಗಡಿ ಇದೆ. ಅದನ್ನೂ ಒಂದು ಸಲ ನೋಡಿಬಿಡೋಣ," ಅಂದರು ಇವರು.

"ಭಾವ, ಹುಳ ಊಟ ಮುಗಿಸಿ ಎದ್ದು ಹೋಗಿರೋ ಬೀರೂನ ನಮ್ಮಕ್ಕನ ಊಟದ ಕೋಣೆಗೆ ತರ್ತೀರಾ? ನೀವಿಬ್ರೇ ಹೋಗಿ ಧೂಳು ಕುಡ್ಕೊಂಡು ಬನ್ನಿ. ನಾನಿಲ್ಲೇ ತಣ್ಣಗೆ ಕೂತಿರ್ತೀನಿ."

ಹಳೆಯ ಅಂಗಡಿಯ ಮಾಲೀಕರು ನನ್ನನ್ನು "ಬನ್ನಿ ತಾಯಿ" ಎಂದು ಕರೆದರು. ಇವರ ಮುಖವನ್ನು ಮಾತ್ರ ನೋಡಲಿಲ್ಲ. ಗುರುತಿಲ್ಲದ ಮನುಷ್ಯನನ್ನು ನೋಡದೆ ಇರಲು ಯಾರೂ ಅಷ್ಟು ಕಷ್ಟಪಡುವುದಿಲ್ಲ.

ಮಾಲೀಕರು ತೋರಿಸಿದ ಬೀರಿನ ಅಂಚುಗಳು ಸವೆದಿದ್ದವು. ಕಾಲುಗಳ ಹತ್ತಿರ ಹುಳು ಕೊರೆದ ತೂತುಗಳು. "ಎಂಬತ್ತು ವರ್ಷದ್ದು ತಾಯಿ, ಒಂದೇ ಮನೇಲಿ ಇದ್ದದ್ದು. ಆ ಎಡಗಡೆ ಡ್ರಾಯರ್ ಸ್ವಲ್ಪ ಹಟಮಾರಿ, ತಡೀರಿ, ನಾನೇ..."

ಅಷ್ಟರಲ್ಲಿ ಇವರು ಆ ಡ್ರಾಯರನ್ನು ಒಂದಿಷ್ಟು ಮೇಲಕ್ಕೆತ್ತಿ ಎಳೆದರು. ಸಲೀಸಾಗಿ ಬಂತು. ಮಾಲೀಕರು ಕೆಮ್ಮಿದರು.

ನನ್ನದು ಗ್ರಂಥಾಲಯದ ಕೆಲಸ. ಹುಳು ಬಿದ್ದ ಪುಸ್ತಕಗಳನ್ನು ಹದಿನಾರು ವರ್ಷ ಬಿಡಿಸಿ ನೋಡಿದ್ದೇನೆ. ಹುಳು ಎಂದೂ ನೆಟ್ಟಗೆ ಹೋಗುವುದಿಲ್ಲ. ರುಚಿ ಕಂಡ ಕಡೆ ತಿರುಗುತ್ತದೆ. ಮಾಲೀಕರು ಫೋನ್ ಬಂತೆಂದು ಬಾಗಿಲಿಗೆ ಹೋದಾಗ ಸೆರಗಿನ ಪಿನ್ನು ಬಿಚ್ಚಿ ಒಂದು ತೂತಿಗೆ ಇಳಿಸಿದೆ. ನೆಟ್ಟಗೆ ಇಳಿದು ಅರ್ಧಕ್ಕೆ ನಿಂತಿತು. ಇನ್ನೊಂದರಲ್ಲೂ ಅಲ್ಲಿಗೇ. ಐದನೆಯದರಲ್ಲೂ ಅಲ್ಲಿಗೇ.

"ರೀ, ಇದು ಹುಳ ಅಲ್ಲ. ಡ್ರಿಲ್ಲಲ್ಲಿ ಕೊರೆದದ್ದು," ಎಂದು ಪಿಸುಗುಟ್ಟಿದೆ.

ಮೋಸ ಹೋಗಲಿದ್ದವರಿಗೆ ಸಿಟ್ಟು ಬರಬೇಕಿತ್ತು. ಇವರು ಬಗ್ಗಿ, "ಎಲ್ಲಾ ಒಂದೇ ಆಳ ಇದ್ಯಾ?" ಅಂದರು. ಕೇಳಿದ ಮೇಲೆ ತುಟಿ ಕಚ್ಚಿಕೊಂಡರು.

ನಾನು ಅವರ ಉಗುರುಗಳನ್ನು ನೋಡಿದೆ, ಬೀರಿನ ಬಣ್ಣವನ್ನು ನೋಡಿದೆ.

"ಯಾವಾಗಿಂದ?"

"ಆಫೀಸು ಮುಚ್ಚಿ ಎರಡು ತಿಂಗಳಾಯ್ತು. ಈ ಅಂಗಡಿ ಹಿಂದುಗಡೆ ಶೆಡ್ಡಲ್ಲಿ ಕೆಲಸ, ವಿನೆಗರ್ ಬೆರೆಸಿದ ಬಣ್ಣ ಹಚ್ಚಿ ಹೊಸದನ್ನ ಹಳೇದರ ಹಾಗೆ ಮಾಡೋದು. ಮರ ಮಾತ್ರ ಹಳೇದೇ ಕಣೆ, ಕೆಡವಿದ ಮನೆಗಳ ಬಾಗಿಲು."

"ಮತ್ತೆ ನನ್ನನ್ನ ಯಾಕೆ ಕರ್ಕೊಂಡು ಬಂದ್ರಿ?"

"ಪೂರ್ತಿ ನಾನೊಬ್ಬನೇ ಮಾಡಿದ ಮೊದಲನೇದು ಇದು." ಅವರು ಡ್ರಾಯರನ್ನು ಮೆಲ್ಲಗೆ ಮುಚ್ಚಿದರು. "ನಿನ್ನ ಕಣ್ಣಿಂದ ಪಾರಾದ್ರೆ ಯಾರ ಕಣ್ಣಿಂದಲೂ ಪಾರಾಗುತ್ತೆ ಅಂತ."

ಬೀರು ಕೊಳ್ಳುವ ಉದ್ದೇಶವೇ ಇರಲಿಲ್ಲ. ನನ್ನ ಅನುಮಾನವನ್ನು ಅವರು ಅಳತೆಕೋಲಿನ ಹಾಗೆ ಜೊತೆಗೆ ತಂದಿದ್ದರು.

ಅಳಬೇಕೋ ಬೈಯಬೇಕೋ ತಿಳಿಯುವ ಮೊದಲೇ ಮಾಲೀಕರು ವಯಸ್ಸಾದ ಹೆಂಗಸೊಬ್ಬರನ್ನು ಕರೆದುಕೊಂಡು ಬಂದರು. ಆಕೆ ಬೀರಿನ ಮೇಲೆ ಕೈಯಾಡಿಸಿ, ಮಾಲೀಕರನ್ನು ಬಿಟ್ಟು ನೇರವಾಗಿ ನನ್ನನ್ನೇ ಕೇಳಿದರು: "ನೀನೂ ನೋಡ್ತಿದ್ದೀಯಲ್ಲಮ್ಮ, ನೀನು ಹೇಳು. ನಿಜವಾಗ್ಲೂ ಹಳೇದಾ? ಇವರ ಮಾತು ನಂಬೋಕಾಗಲ್ಲ."

ಮಾಲೀಕರ ನಗು ಮುಖದಲ್ಲೇ ಅಂಟಿಕೊಂಡು ನಿಂತಿತು. ಇವರು ನೆಲ ನೋಡುತ್ತಿದ್ದರು. ನಾನು 'ಇಲ್ಲ' ಅಂದರೆ ಈ ಕೆಲಸವೂ ಹೋಗುತ್ತದೆ. ಪಿನ್ನು ಇನ್ನೂ ನನ್ನ ಬೆರಳುಗಳ ನಡುವೆ ಇತ್ತು.

"ಮರ ತುಂಬ ಹಳೇದು," ಅಂದೆ. "ಕೆಲಸವೂ ಗಟ್ಟಿಯಾಗಿದೆ."

"ಹಾಗನ್ನು! ಹೆಂಗಸರ ಕಣ್ಣೇ ಬೇರೆ," ಎಂದು ಆಕೆ ನನ್ನ ತೋಳು ತಟ್ಟಿದರು.

ಶೋರೂಮಿಗೆ ಮರಳಿದಾಗ ತಂಗಿ, "ಏನು ಭಾವ, ಹುಳ ಬಿಟ್ಟುಕೊಡಲಿಲ್ವಾ?" ಅಂದಳು. ಬೂದು ಬೀರೇ ಇರಲಿ ಅಂದೆ. ಅದರ ಅಳತೆಯನ್ನು ಬರೆಸಲು ಅವಳು ಅತ್ತ ಹೋದಳು.

ಇವರು ನನ್ನ ಪಕ್ಕಕ್ಕೆ ಬಂದರು. "ಮರ ಹಳೇದು ಅಂದ್ಯಲ್ಲ. ಒಂದು ಚೂರೂ ತಡವರಿಸಲಿಲ್ಲ."

ನಾನು ಬೀರಿನ ಬಾಗಿಲು ಒತ್ತಿದೆ, ತೆರೆಯಿತು. ಮತ್ತೆ ಒತ್ತಿ ಮುಚ್ಚಿದೆ.

"ಆಫೀಸಿನ ವಿಷಯ ನಿನಗೆ ಮೊದಲೇ ಗೊತ್ತಿತ್ತಾ?"

"ಇಲ್ಲ."

ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ನಾನು ಹೇಳಿದ್ದು ನಿಜವೇ. ಆದರೂ ಇನ್ನೊಮ್ಮೆ ಹೇಳಬೇಕಾಯಿತು.